ಎನಾರ್ಮಸ್ ಅಂದ್ರೆ ಬರೀ ದೊಡ್ಡದಾ?

ಓದುಗರ ಪ್ರಶ್ನೆ: ಒಂದು ಕೆಲಸದ ಅರ್ಜಿಯಲ್ಲಿ ‘ಐ ಹ್ಯಾವ್ ವೆರಿ ಎನಾರ್ಮಸ್ ಎಕ್ಸ್‌ಪೀರಿಯೆನ್ಸ್’ ಎಂದು ಬರೆದಿದ್ದೆ. ಓದಿದ ಗೆಳತಿ ನಕ್ಕಳು. ಯಾಕೆ ಎಂದರೆ ‘ಕೇಳೋಕೆ ಒಂಥರಾ ಇದೆ’ ಅಂದಳೇ ಹೊರತು ಕಾರಣ ಹೇಳಲಿಲ್ಲ. ನಿಘಂಟು ತೆಗೆದರೆ ಎನಾರ್ಮಸ್, ಹ್ಯೂಜ್, ವಾಸ್ಟ್, ಇಮ್ಮೆನ್ಸ್ ಎಲ್ಲಕ್ಕೂ ಬೃಹತ್, ಭಾರಿ, ಅಗಾಧ ಎಂದೇ ಇದೆ. ಎಲ್ಲದರ ಅರ್ಥವೂ ಒಂದೇ ಆದರೆ ನಾನು ಬರೆದದ್ದರಲ್ಲಿ ತಪ್ಪೇನು? ಜೊತೆಗೆ ಇನ್ನೊಂದು ಅನುಮಾನ: ಎನಾರ್ಮಿಟಿ ಅಂದರೆ ದೊಡ್ಡತನ ತಾನೇ?

ಉತ್ತರ: ನಿಮ್ಮ ಗೆಳತಿ ನಕ್ಕದ್ದು ಸರಿ, ಕಾರಣ ಹೇಳದೆ ಬಿಟ್ಟದ್ದು ಮಾತ್ರ ಸರಿಯಲ್ಲ. ನಿಮ್ಮ ವಾಕ್ಯದಲ್ಲಿ ಎರಡು ಎಡವಟ್ಟುಗಳಿವೆ. ಒಂದು ‘ವೆರಿ’. ಇನ್ನೊಂದು ಎನಾರ್ಮಸ್ ಮತ್ತು ಎಕ್ಸ್‌ಪೀರಿಯೆನ್ಸ್ ಜೋಡಿ. ಎರಡಕ್ಕೂ ಕಾರಣ ಪದದ ಹೊಟ್ಟೆಯಲ್ಲೇ ಇದೆ, ಅದನ್ನು ಬಿಚ್ಚಿ ನೋಡೋಣ.

ಬಡಗಿಗಳ ಕೈಯಲ್ಲಿ ಎಲ್ ಆಕಾರದ ಒಂದು ಸಲಕರಣೆ ನೋಡಿರುತ್ತೀರಿ. ಮೂಲೆಮಟ್ಟ. ಎರಡು ಹಲಗೆ ಜೋಡಿಸಿದ ಮೇಲೆ ಬಡಗಿ ಅದನ್ನು ಒಳಮೂಲೆಗೆ ಒತ್ತಿ ಹಿಡಿಯುತ್ತಾನೆ. ಒಂದು ಕಣ್ಣು ಮುಚ್ಚಿ ನೋಡುತ್ತಾನೆ. ಮಧ್ಯೆ ಬೆಳಕು ನುಸುಳಿದರೆ ಮೂಲೆ ಸರಿಯಿಲ್ಲ ಎಂದರ್ಥ. ಲ್ಯಾಟಿನ್ ಭಾಷೆಯಲ್ಲಿ ಈ ಸಲಕರಣೆಗೆ ‘ನಾರ್ಮಾ’ ಎನ್ನುತ್ತಿದ್ದರು. ಅದಕ್ಕೆ ಸರಿಹೊಂದಿದ್ದು ‘ನಾರ್ಮಲ್’. ಅದರಿಂದ ಆಚೆ ಹೋದದ್ದು ‘ಎನಾರ್ಮಿಸ್’. ಮುಂದಿರುವ ‘ಎ’ ಅಂದರೆ ಹೊರಗೆ, ಆಚೆ. ಇಂಗ್ಲಿಷಿನ ಎನಾರ್ಮಸ್ ಬಂದದ್ದು ಅಲ್ಲಿಂದಲೇ.

ಅಂದರೆ ದಿನಾ ಬಾಯಲ್ಲಿ ಆಡುವ ನಾರ್ಮಲ್ ಮತ್ತು ಎನಾರ್ಮಸ್ ಒಂದೇ ಮನೆಯ ಮಕ್ಕಳು. ಒಬ್ಬ ಮಟ್ಟದೊಳಗೆ ಇದ್ದಾನೆ, ಇನ್ನೊಬ್ಬ ಮಟ್ಟ ಮೀರಿದ್ದಾನೆ. ಪದದಲ್ಲಿ ‘ದೊಡ್ಡ’ ಎನ್ನುವ ಅರ್ಥದ ತುಂಡು ಎಲ್ಲೂ ಇಲ್ಲ ಎನ್ನುವುದನ್ನು ಗಮನಿಸಿ.

ಹಾಗಾಗಿಯೇ 16ನೇ ಶತಮಾನದಲ್ಲಿ ಈ ಪದ ಇಂಗ್ಲಿಷಿಗೆ ಬಂದಾಗ ಅದಕ್ಕೆ ಗಾತ್ರದ ಅರ್ಥವೊಂದೇ ಇರಲಿಲ್ಲ. ನಿಯಮ ಮೀರಿದ್ದು, ವಿಚಿತ್ರವಾದದ್ದು, ಘೋರವಾದದ್ದು ಎಂಬ ಅರ್ಥಗಳೂ ಇದ್ದವು. ಎನಾರ್ಮಸ್ ಕ್ರೈಮ್ ಎಂದರೆ ಯಾರೂ ಮಾಡಬಾರದಂಥ ಕೆಟ್ಟ ಅಪರಾಧ. 1667ರಲ್ಲಿ ಕವಿ ಮಿಲ್ಟನ್ ಸ್ವರ್ಗದ ತೋಟವನ್ನು ವರ್ಣಿಸುತ್ತಾ ‘ಎನಾರ್ಮಸ್ ಬ್ಲಿಸ್’ ಎಂದು ಬರೆದ. ಅಲ್ಲಿನ ಸೊಗಸು ನಿಯಮಕ್ಕೂ ಕಲೆಗೂ ನಿಲುಕದೆ ಕಾಡುಕಾಡಾಗಿ ಬೆಳೆದದ್ದು ಎಂದು ಅದೇ ಸಾಲಿನಲ್ಲಿ ಹೇಳುತ್ತಾನೆ. ಇವತ್ತಿನ ಓದುಗ ‘ತುಂಬಾ ಆನಂದ’ ಎಂದು ಓದಿಕೊಂಡು ಮುಂದೆ ಹೋಗುತ್ತಾನೆ. ಕವಿ ಇಟ್ಟದ್ದು ಎಲ್ಲೆ ಮೀರಿದ ಆನಂದವನ್ನು. ಕಾಲ ಕಳೆದಂತೆ ‘ಎಲ್ಲೆ ಮೀರಿದ’ ಎನ್ನುವುದು ಸವೆದು ‘ಗಾತ್ರದಲ್ಲಿ ಎಲ್ಲೆ ಮೀರಿದ’ ಎಂಬುದಷ್ಟೇ ಉಳಿಯಿತು.

ಇದೇನೂ ನಮಗೆ ಹೊಸದಲ್ಲ. ‘ವಿಪರೀತ’ ಪದವನ್ನೇ ನೋಡಿ. ಸಂಸ್ಕೃತದಲ್ಲಿ ಅದಕ್ಕೆ ತಲೆಕೆಳಗಾದ, ಉಲ್ಟಾ ಎಂಬ ಅರ್ಥ. ‘ವಿನಾಶಕಾಲೇ ವಿಪರೀತ ಬುದ್ಧಿ’ ಎನ್ನುವಾಗ ಬುದ್ಧಿ ಜಾಸ್ತಿ ಆಯಿತು ಎಂದೇನೂ ಅಲ್ಲ, ಬುದ್ಧಿ ಅಡ್ಡದಾರಿ ಹಿಡಿಯಿತು ಎಂದು. ಆದರೆ ಕನ್ನಡದಲ್ಲಿ ವಿಪರೀತ ಮಳೆ, ವಿಪರೀತ ಸೆಕೆ, ವಿಪರೀತ ಕೆಲಸ ಎನ್ನುತ್ತೇವೆ. ಉಲ್ಟಾ ಮಳೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಇರಬೇಕಾದ್ದಕ್ಕಿಂತ ಜಾಸ್ತಿ ಎಂದಷ್ಟೇ ಅರ್ಥ ಆಗುತ್ತದೆ. ‘ಅಸಾಧ್ಯ ನೋವು’ ಎನ್ನುವಾಗಲೂ ಹೀಗೆಯೇ. ‘ಭಯಂಕರ ಚೆನ್ನಾಗಿದೆ’ ಎನ್ನುವವರು ಹೆದರಿರುವುದಿಲ್ಲ. ಎನಾರ್ಮಸ್ ನಡೆದು ಬಂದ ದಾರಿಯೂ ಇದೇ. ನನ್ನನ್ನು ಕೇಳಿದರೆ, ಎನಾರ್ಮಸ್ ಪದದ ಜಾಯಮಾನಕ್ಕೆ ಹತ್ತಿರ ಇರುವ ಕನ್ನಡ ಪದ ಬೃಹತ್ ಅಲ್ಲ, ವಿಪರೀತವೇ. ಅನುವಾದದಲ್ಲಿ ಎಲ್ಲ ಕಡೆ ಕೂರುವುದಿಲ್ಲ, ಆದರೆ ತಲೆಯಲ್ಲಿ ಅದನ್ನು ಇಟ್ಟುಕೊಂಡರೆ ಅರ್ಧ ತಪ್ಪು ತಪ್ಪುತ್ತದೆ.

ಎನಾರ್ಮಸ್ ಎಂದು ಕರೆಸಿಕೊಳ್ಳಲು ಒಂದು ವಸ್ತು ನಿಜಕ್ಕೂ ದೊಡ್ಡದಾಗಿರಬೇಕು ಎಂದೇನೂ ಇಲ್ಲ. ತನ್ನ ಜಾತಿಯ ಮಟ್ಟವನ್ನು ಮೀರಿದ್ದರೆ ಸಾಕು. ದಕ್ಷಿಣ ಅಮೆರಿಕದ ಕಾಡಿನಲ್ಲಿ ಗೋಲಿಯಾತ್ ಎಂಬ ಹೆಸರಿನ ಜೇಡ ಇದೆ. ಕಾಲು ಚಾಚಿದರೆ ಅಗಲ ಸುಮಾರು 30 ಸೆಂಟಿಮೀಟರ್ ತನಕ, ಅಂದರೆ ಮಕ್ಕಳ ಸ್ಕೇಲಿನಷ್ಟು. ಅದು ‘ಎನಾರ್ಮಸ್ ಸ್ಪೈಡರ್’. ಅಷ್ಟೇ ಗಾತ್ರದ ನಾಯಿಮರಿಯನ್ನು ಯಾರೂ ಎನಾರ್ಮಸ್ ಎನ್ನುವುದಿಲ್ಲ. ಆನೆಗಳು ಎನಾರ್ಮಸ್ ಪ್ರಾಣಿಗಳು ಎನ್ನಬಹುದು, ಆಗ ಹೋಲಿಕೆ ಉಳಿದ ಪ್ರಾಣಿಗಳ ಜೊತೆ. ‘ಆ್ಯನ್ ಎನಾರ್ಮಸ್ ಎಲಿಫೆಂಟ್’ ಎಂದರೆ ಹೋಲಿಕೆ ಉಳಿದ ಆನೆಗಳ ಜೊತೆ. ಅದು ಆನೆಗಳಲ್ಲೇ ದೈತ್ಯ ಆಗಿರಬೇಕು.

ಸೂರ್ಯನ ವಿಷಯ ಇನ್ನೂ ಮಜವಾಗಿದೆ. ವ್ಯಾಸ ಸುಮಾರು 13.9 ಲಕ್ಷ ಕಿಲೋಮೀಟರ್. ಭೂಮಿಯಂಥ 109 ಗೋಳಗಳನ್ನು ಸಾಲಾಗಿ ಜೋಡಿಸಿದರೆ ಅದರ ಅಡ್ಡಗಲ ಆಗುತ್ತದೆ. ನಮಗೆ ಅದು ಎನಾರ್ಮಸ್. ಆದರೆ ಖಗೋಳ ವಿಜ್ಞಾನಿಗಳು ಸೂರ್ಯನನ್ನು ಸೇರಿಸಿರುವ ಗುಂಪಿನ ಹೆಸರು ‘ಡ್ವಾರ್ಫ್’, ಅಂದರೆ ಕುಬ್ಜ! ನಕ್ಷತ್ರಗಳ ಮೂಲೆಮಟ್ಟ ಇಟ್ಟು ನೋಡಿದರೆ ಸೂರ್ಯ ನಾರ್ಮಲ್. ಸೂರ್ಯ ಇದ್ದಷ್ಟೇ ಇದ್ದಾನೆ, ಬದಲಾದದ್ದು ಮೂಲೆಮಟ್ಟ. ಹಾಗಾಗಿ ಎನಾರ್ಮಸ್ ಎಂದು ಬರೆಯುವ ಮುಂಚೆ, ಇದು ಯಾವುದಕ್ಕೆ ಹೋಲಿಸಿದರೆ ವಿಪರೀತ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ‘ಬಿಗ್’ ಸಾಕು.

ಈಗ ‘ವೆರಿ’ ವಿಷಯ. ‘ವೆರಿ ಬಿಗ್’ ಸರಿ, ‘ವೆರಿ ಎನಾರ್ಮಸ್’ ಸರಿ ಕೇಳಿಸದು. ಬಿಗ್‌ಗೆ ಮೆಟ್ಟಿಲುಗಳಿವೆ: ಸ್ವಲ್ಪ ದೊಡ್ಡದು, ಸಾಕಷ್ಟು ದೊಡ್ಡದು, ತುಂಬಾ ದೊಡ್ಡದು. ಎನಾರ್ಮಸ್ ಆಗಲೇ ಮೆಟ್ಟಿಲು ಹತ್ತಿ ಮುಗಿಸಿ ಮೇಲೆ ಕೂತಿದೆ. ‘ತುಂಬಾ’ ಅದರೊಳಗೇ ಇದೆ. ಕನ್ನಡದಲ್ಲಿ ‘ಬಹಳ ಅಪಾರ’ ಎಂದರೆ ಹೇಗೆ ಕೇಳಿಸುತ್ತದೋ ಇದೂ ಹಾಗೆ. ಒತ್ತು ಬೇಕೇ ಬೇಕು ಎಂದರೆ ‘ಆ್ಯಬ್ಸಲ್ಯೂಟ್ಲಿ ಎನಾರ್ಮಸ್’, ‘ಟ್ರೂಲಿ ಎನಾರ್ಮಸ್’ ಎನ್ನಬಹುದು. ಅವು ಮೆಟ್ಟಿಲು ಹತ್ತಿಸುವುದಿಲ್ಲ, ಇದ್ದ ಜಾಗಕ್ಕೆ ಮೊಳೆ ಹೊಡೆಯುತ್ತವೆ. ‘ಸೋ ಎನಾರ್ಮಸ್ ದಟ್...’ ಕೂಡ ನಡೆಯುತ್ತದೆ, ಎಷ್ಟು ಎನ್ನುವುದನ್ನು ಮುಂದೆ ಹೇಳುವುದಿದ್ದರೆ.

ನಾವು ಮಾಡುವ ಇನ್ನೊಂದು ತಪ್ಪು ಇದಕ್ಕಿಂತ ತಮಾಷೆಯದು. ‘ಸಭೆಯಲ್ಲಿ ವಿಪರೀತ ಜನ’ ಎನ್ನುವುದನ್ನು ಇಂಗ್ಲಿಷಿಗೆ ತಿರುಗಿಸಿ ‘ದೇರ್ ವರ್ ಎನಾರ್ಮಸ್ ಪೀಪಲ್’ ಎಂದು ಬರೆದುಬಿಡುತ್ತೇವೆ. ಇಂಗ್ಲಿಷ್ ಓದುಗನ ಕಣ್ಣಿಗೆ ಬರುವುದು ಹತ್ತಡಿ ಎತ್ತರದ ರಾಕ್ಷಸರ ಸಭೆ. ಕನ್ನಡದ ವಿಪರೀತ, ಅಪಾರ, ಅಗಾಧ ಎಲ್ಲವೂ ಗಾತ್ರಕ್ಕೂ ಆಗುತ್ತವೆ, ಲೆಕ್ಕಕ್ಕೂ ಆಗುತ್ತವೆ. ಎನಾರ್ಮಸ್ ನೇರವಾಗಿ ಅಂಟುವುದು ಗಾತ್ರಕ್ಕೆ ಮಾತ್ರ. ಲೆಕ್ಕ ಹೇಳಬೇಕಾದರೆ ನಡುವೆ ಒಂದು ಪಾತ್ರೆ ಬೇಕು: ‘ಆ್ಯನ್ ಎನಾರ್ಮಸ್ ನಂಬರ್ ಆಫ್ ಪೀಪಲ್’, ‘ಆ್ಯನ್ ಎನಾರ್ಮಸ್ ಕ್ರೌಡ್’. ನೀರು, ದುಡ್ಡು, ಸಮಯದಂಥವಕ್ಕೆ ‘ಎನಾರ್ಮಸ್ ಅಮೌಂಟ್ ಆಫ್’. ಸುಮ್ನೆ ‘ಎನಾರ್ಮಸ್ ವಾಟರ್’ ಎಂದರೆ ಅರ್ಥವಿಲ್ಲ. ಮಳೆಗಂತೂ ಈ ಪದವೇ ಬೇಡ, ಮಳೆ ಇಂಗ್ಲಿಷಿನಲ್ಲಿ ‘ಹೆವಿ’. ಕನ್ನಡದಲ್ಲೂ ‘ಭಾರಿ ಮಳೆ’ ಅಲ್ವಾ? ಭಾರಿ ಹುಟ್ಟಿದ್ದು ಭಾರದಿಂದ. ಅಲ್ಲಿ ಎರಡೂ ಭಾಷೆ ತಕ್ಕಡಿ ಹಿಡಿದಿವೆ.

ಕಣ್ಣಿಗೆ ಕಾಣದ ಸಂಗತಿಗಳಿಗೂ ಎನಾರ್ಮಸ್ ಹೊಂದುತ್ತದೆ. ಎನಾರ್ಮಸ್ ಪ್ರೆಷರ್, ಎನಾರ್ಮಸ್ ಡಿಫರೆನ್ಸ್, ಎನಾರ್ಮಸ್ ಸಕ್ಸೆಸ್, ಎನಾರ್ಮಸ್ ರಿಲೀಫ್ ಎಲ್ಲ ಸರಿ. ಹಾಗಿದ್ದರೆ ಎಕ್ಸ್‌ಪೀರಿಯೆನ್ಸ್ ಮಾಡಿದ ಪಾಪವೇನು?

ಪಾಪ ಏನಿಲ್ಲ, ಅದಕ್ಕೆ ಬೇರೆ ಜೋಡಿ ಇದೆ. ‘ವಾಸ್ಟ್ ಎಕ್ಸ್‌ಪೀರಿಯೆನ್ಸ್’ ಎನ್ನುತ್ತಾರೆ. ವಾಸ್ಟ್ ಲ್ಯಾಟಿನ್‌ನ ‘ವಾಸ್ಟಸ್’ನಿಂದ ಬಂದದ್ದು. ಅದರ ಅರ್ಥ ಖಾಲಿ, ಬರಿದು, ಬಯಲು. ‘ಡಿವಾಸ್ಟೇಟ್’, ಅಂದರೆ ಎಲ್ಲ ನಾಶ ಮಾಡಿ ಬಯಲಾಗಿಸು ಎಂಬ ಪದ ಇದರದ್ದೇ ಸಂತಾನ. ಹಾಗಾಗಿ ವಾಸ್ಟ್ ಅನ್ನುವಾಗ ಕಣ್ಣು ಅಡ್ಡಡ್ಡ ಓಡಬೇಕು. ಮರುಭೂಮಿ, ಸಮುದ್ರ, ಆಕಾಶ, ಸಾಮ್ರಾಜ್ಯ ಎಲ್ಲ ವಾಸ್ಟ್. ನಾಯಿ ವಾಸ್ಟ್ ಆಗುವುದಿಲ್ಲ, ಎಷ್ಟೇ ತಿಂದರೂ. ಅನುಭವವನ್ನೂ ಇಂಗ್ಲಿಷ್ ಒಂದು ಹರವಾಗಿ, ನಡೆದು ದಾಟಿದ ನೆಲವಾಗಿ ನೋಡುತ್ತದೆ. ಅದಕ್ಕೇ ವಾಸ್ಟ್. ಕನ್ನಡ ಏನು ಮಾಡುತ್ತದೆ ನೋಡಿ: ‘ಅಪಾರ ಅನುಭವ’. ಪಾರ ಎಂದರೆ ಆಚೆ ದಡ, ಅಪಾರ ಎಂದರೆ ಆಚೆ ದಡವೇ ಕಾಣದ್ದು. ಇಂಗ್ಲಿಷ್ ಬಯಲು ತೋರಿಸಿದರೆ ನಾವು ನೀರು ತೋರಿಸುತ್ತೇವೆ. ಎನಾರ್ಮಸ್ ಎಕ್ಸ್‌ಪೀರಿಯೆನ್ಸ್ ಎಂದರೆ ವ್ಯಾಕರಣ ತಪ್ಪಲ್ಲ, ಎಲ್ಲೋ ಒಬ್ಬೊಬ್ಬರು ಬರೆಯುತ್ತಾರೆ ಕೂಡ. ಆದರೆ ಕಿವಿಗೆ ಅನುಭವ ಒಂದು ಗುಡ್ಡದ ಥರ ಎದ್ದು ನಿಂತಂತೆ ಕೇಳಿಸುತ್ತದೆ.

ಅಗಾಧವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದು ನನ್ನ ಇಷ್ಟದ ಪದ. ‘ಗಾಧ’ ಎಂದರೆ ಕಾಲೂರಿ ದಾಟಬಹುದಾದಷ್ಟು ಆಳ. ಅಗಾಧ ಎಂದರೆ ಕಾಲಿಗೆ ನೆಲ ಸಿಗದ್ದು. ಅಪಾರಕ್ಕೆ ದಡವಿಲ್ಲ, ಅಗಾಧಕ್ಕೆ ತಳವಿಲ್ಲ. ಒಂದು ಅಗಲದ್ದು, ಇನ್ನೊಂದು ಆಳದ್ದು. ಅವೆರಡನ್ನೂ ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಕೂರಿಸುವ ನಿಘಂಟುಗಳ ಮೇಲೆ ನನಗೆ ಸಣ್ಣ ಸಿಟ್ಟಿದೆ.

ಇಮ್ಮೆನ್ಸ್‌ನಲ್ಲಿ ‘ಇನ್’ ಎಂದರೆ ಇಲ್ಲ, ‘ಮೆನ್ಸುಸ್’ ಎಂದರೆ ಅಳೆದದ್ದು. ಒಟ್ಟು, ಅಳೆಯಲು ಆಗದ್ದು. ನಮ್ಮ ‘ಅಮಿತ’ವನ್ನು ಪಕ್ಕಕ್ಕಿಡಿ. ‘ಅ’ ಎಂದರೆ ಇಲ್ಲ, ‘ಮಿತ’ ಎಂದರೆ ಅಳೆದದ್ದು. ಇದು ಕಾಕತಾಳೀಯ ಅಲ್ಲ. ಲ್ಯಾಟಿನ್ ಮತ್ತು ಸಂಸ್ಕೃತ ಒಂದೇ ಭಾಷಾ ಕುಟುಂಬದವು. ಈ ಎರಡು ಪದಗಳ ಅಳತೆಯ ಬೇರೂ ಒಂದೇ, ‘ಇಲ್ಲ’ ಎನ್ನುವ ಉಪಸರ್ಗದ ಬೇರೂ ಒಂದೇ. ಮಿತಿ, ಪ್ರಮಾಣ, ಮೆಷರ್, ಡೈಮೆನ್ಶನ್ ಎಲ್ಲ ಅದೇ ಬಳಗ. ಇಮ್ಮೆನ್ಸ್ ಸ್ವಲ್ಪ ಗಂಭೀರ. ಭಾವನೆಗಳಿಗೆ, ಋಣಕ್ಕೆ, ನೆಮ್ಮದಿಗೆ ಚೆನ್ನಾಗಿ ಹೊಂದುತ್ತದೆ: ಇಮ್ಮೆನ್ಸ್ ಪ್ಲೆಷರ್, ಇಮ್ಮೆನ್ಸ್ ಗ್ರಾಟಿಟ್ಯೂಡ್.

ಹ್ಯೂಜ್ ಬಗ್ಗೆ ಹೇಳಲು ಹೆಚ್ಚಿಲ್ಲ. ಹಳೆಯ ಫ್ರೆಂಚ್‌ನಿಂದ ಬಂದ ಪುಟ್ಟ ಪದ, ಮಾತಿನಲ್ಲಿ ಸಲೀಸು. ‘ಹ್ಯೂಜ್ ಫ್ಯಾನ್’ ಎಂದರೆ ದೊಡ್ಡ ಅಭಿಮಾನಿ. ಅಲ್ಲಿ ಎನಾರ್ಮಸ್ ಹಾಕಿದರೆ ಅಭಿಮಾನಿಯ ತೂಕದ ಬಗ್ಗೆ ಅನುಮಾನ ಬರುತ್ತದೆ. ಬಿಗ್ ಕೆಲವು ಕಡೆ ಗಾತ್ರವನ್ನೇ ಹೇಳುವುದಿಲ್ಲ. ‘ಬಿಗ್ ಬ್ರದರ್’ ಅಣ್ಣ. ಅವನನ್ನು ಎನಾರ್ಮಸ್ ಬ್ರದರ್ ಮಾಡಿದರೆ ಅವನಿಗೇ ಬೇಜಾರು.

ಇನ್ನು ಕಲಾಸಲ್, ಮ್ಯಾಮತ್, ಜಂಬೋ ಇವೆಲ್ಲ ಬೇರೆ ಪಂಗಡ. ಇವು ಅಳತೆಯಿಂದ ಹುಟ್ಟಿದವಲ್ಲ, ಯಾವುದೋ ಒಂದು ದೊಡ್ಡ ವಸ್ತುವಿನ ಹೆಸರು ಹೊತ್ತವು. ಗ್ರೀಸಿನ ರೋಡ್ಸ್ ದ್ವೀಪದಲ್ಲಿ ಕ್ರಿ.ಪೂ. 280ರ ಹೊತ್ತಿಗೆ ಸುಮಾರು 33 ಮೀಟರ್ ಎತ್ತರದ ಕಂಚಿನ ಪ್ರತಿಮೆ ನಿಲ್ಲಿಸಿದರು. ಅದನ್ನು ಕರೆದದ್ದು ಕೊಲಾಸಸ್ ಎಂದು. ಕ್ರಿ.ಪೂ. 226ರ ಹೊತ್ತಿಗೆ ಭೂಕಂಪಕ್ಕೆ ಮುರಿದು ಬಿತ್ತು. ಅರವತ್ತು ವರ್ಷವೂ ನಿಲ್ಲದ ಪ್ರತಿಮೆಯ ಹೆಸರು ಎರಡು ಸಾವಿರ ವರ್ಷ ದಾಟಿ ಕಲಾಸಲ್ ಆಗಿ ಬದುಕಿದೆ. ಜಂಬೋ ಲಂಡನ್ ಮೃಗಾಲಯದಲ್ಲಿದ್ದ ಒಂದು ಗಂಡಾನೆ. 1882ರಲ್ಲಿ ಅಮೆರಿಕದ ಬಾರ್ನಮ್ ಅದನ್ನು ತನ್ನ ಸರ್ಕಸ್ಸಿಗೆ ಕೊಂಡುಕೊಂಡ. ಮೂರೇ ವರ್ಷಕ್ಕೆ ಕೆನಡಾದಲ್ಲಿ ರೈಲಿಗೆ ಸಿಕ್ಕಿ ಸತ್ತುಹೋಯಿತು. ಪಾಪ, ಇವತ್ತು ಜಂಬೋ ಪ್ಯಾಕ್ ಎನ್ನುವ ಯಾರಿಗೂ ಆ ಆನೆ ನೆನಪಿಲ್ಲ. ಮೊಬೈಲಿನ ಗಿಗಾಬೈಟ್‌ನ ‘ಗಿಗಾ’ ಕೂಡ ಗ್ರೀಕರ ರಾಕ್ಷಸನೇ, ‘ಜೈಂಟ್’ ಪದದ ಅಣ್ಣ. 1960ರಲ್ಲಿ ಅವನನ್ನು ನೂರು ಕೋಟಿಯ ಗುರುತಾಗಿ ಅಂತರರಾಷ್ಟ್ರೀಯ ಅಳತೆಗೆ ಸೇರಿಸಿಕೊಂಡರು. ಅಳತೆ ಮೀರಿದವನನ್ನು ಅಳತೆಯೊಳಗೇ ಕಟ್ಟಿಹಾಕಿದರು.

ಎನಾರ್ಮಿಟಿಗೆ ಬರೋಣ. ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ಅನುವಾದದ ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಕೊಲೆ ಮೊಕದ್ದಮೆಯ ಬರಹ ಬಂದಿತ್ತು. ಅದರಲ್ಲಿದ್ದ ‘ದಿ ಎನಾರ್ಮಿಟಿ ಆಫ್ ದಿ ಕ್ರೈಮ್’ ಅನ್ನು ನಾನು ‘ಅಪರಾಧದ ಗಾತ್ರ’ ಎಂದು ಮಾಡಿ ಕೊಟ್ಟೆ. ತಿದ್ದಿದ ಹಿರಿಯರು ಆ ಎರಡು ಪದಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಎಷ್ಟು ಅಡಿ?’ ಎಂದು ಬರೆದು ವಾಪಸ್ ಕಳಿಸಿದ್ದರು. ಬೇಕಾಗಿದ್ದದ್ದು ‘ಅಪರಾಧದ ಘೋರತೆ’.

ನೆನಪಿದೆಯಲ್ಲ, ಎನಾರ್ಮಸ್‌ಗೆ ಮೊದಲು ನಿಯಮ ಮೀರಿದ, ಘೋರ ಎಂಬ ಅರ್ಥವೂ ಇತ್ತು ಎಂದೆ. ಎನಾರ್ಮಸ್ ಆ ಹಳೆಯ ಅಂಗಿ ಕಳಚಿ ಗಾತ್ರದ ಅಂಗಿ ತೊಟ್ಟಿತು. ಅದರ ತಂಗಿ ಎನಾರ್ಮಿಟಿ ಹಳೆಯ ಅಂಗಿಯನ್ನು ಬಿಡಲೇ ಇಲ್ಲ. ಅದಕ್ಕೇ ಭಾಷೆಯ ವಿಷಯದಲ್ಲಿ ಕಟ್ಟುನಿಟ್ಟಾದವರು, ಎನಾರ್ಮಿಟಿ ಎಂದರೆ ಘೋರತೆ ಮಾತ್ರ, ಗಾತ್ರಕ್ಕೆ ‘ಎನಾರ್ಮಸ್‌ನೆಸ್’ ಬಳಸಿ ಎಂದು ಹಟ ಹಿಡಿಯುತ್ತಾರೆ. ಜನ ಕೇಳುವುದಿಲ್ಲ. ಎನಾರ್ಮಸ್‌ನೆಸ್ ಬಾಯಿಗೆ ಒಗ್ಗದ ಪದ, ಹೇಳುವಾಗಲೇ ಎಡವುತ್ತೇವೆ. 2008ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆ ಗೆದ್ದ ರಾತ್ರಿ ಬರಾಕ್ ಒಬಾಮ ಮಾಡಿದ ಭಾಷಣದಲ್ಲಿ ಮುಂದಿರುವ ಕೆಲಸದ ‘ಎನಾರ್ಮಿಟಿ’ ಎಂಬ ಮಾತಿತ್ತು. ಕೆಲಸ ಘೋರವಾದದ್ದು ಎಂದಲ್ಲ, ದೊಡ್ಡದು, ಹೆಗಲು ಬಗ್ಗಿಸುವಂಥದ್ದು ಎಂದು ಎಲ್ಲರಿಗೂ ಅರ್ಥವಾಯಿತು.

ನನ್ನ ಸಲಹೆ ಮಧ್ಯದ್ದು. ಹೊರೆ, ಹೊಣೆ, ಸವಾಲು, ದುರಂತದಂಥ ಭಾರವಾದ ಸಂಗತಿಗೆ ಎನಾರ್ಮಿಟಿ ಧಾರಾಳವಾಗಿ ಬಳಸಿ. ಒಳ್ಳೆಯ ಸಂಗತಿಗೆ ಬೇಡ. ‘ದಿ ಎನಾರ್ಮಿಟಿ ಆಫ್ ಯುವರ್ ಜೆನರಾಸಿಟಿ’ ಎಂದು ಯಾರಿಗಾದರೂ ಧನ್ಯವಾದ ಬರೆದರೆ, ನಿಮ್ಮ ಔದಾರ್ಯ ಒಂದು ಮಹಾಪಾತಕ ಎಂದು ಓದಿಕೊಳ್ಳುವವರು ಇದ್ದಾರೆ. ಮನೆಯ ಗಾತ್ರಕ್ಕೂ ಬೇಡ, ಅಲ್ಲಿ ‘ಸೈಜ್’ ಎಂಬ ಬಡಪಾಯಿ ಪದ ಸಾಕು.

ಇದೇ ಅಚ್ಚಿನ ಇನ್ನೊಂದು ಪದ ಉಲ್ಟಾ ದಿಕ್ಕಿಗೆ ಹೋಗಿದೆ. ‘ಎಗ್ರೀಜಿಯಸ್’. ಲ್ಯಾಟಿನ್‌ನಲ್ಲಿ ಅದರ ಅರ್ಥ ಹಿಂಡಿನಿಂದ ಆಚೆ ನಿಂತದ್ದು, ಅಂದರೆ ಶ್ರೇಷ್ಠ. ಇಂಗ್ಲಿಷಿನಲ್ಲಿ ಮೊದಮೊದಲು ಹೊಗಳಿಕೆಯೇ ಆಗಿತ್ತು. ವ್ಯಂಗ್ಯವಾಗಿ ಬಳಸಿ ಬಳಸಿ ಈಗ ಅದು ಕಣ್ಣಿಗೆ ಹೊಡೆಯುವಷ್ಟು ಕೆಟ್ಟದ್ದು ಎಂಬ ಬೈಗುಳ. ಮಟ್ಟದಿಂದ ಆಚೆ ಹೋದವನು ಬಚಾವಾದ, ಹಿಂಡಿನಿಂದ ಆಚೆ ಹೋದವನು ಸಿಕ್ಕಿಬಿದ್ದ.

ಉಚ್ಚಾರದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾವು ಎನಾರ್ಮಸ್ ಎಂದು ಬರೆಯುತ್ತೇವೆ. ಇಂಗ್ಲಿಷ್ ನಿಘಂಟುಗಳು ಕೊಡುವುದು ಇ-ನಾರ್-ಮಸ್. ಒತ್ತು ನಡುವಿನ ‘ನಾರ್’ ಮೇಲೆ. ಕೊನೆಯ ಸ್ಪೆಲಿಂಗ್ ನೋಡಿ ‘ಮೌಸ್’ ಎನ್ನುವವರಿದ್ದಾರೆ. ಫೇಮಸ್, ನರ್ವಸ್, ಡೇಂಜರಸ್ ಎನ್ನುವ ಹಾಗೆಯೇ ಇದೂ. ಸ್ವರದಿಂದ ಶುರುವಾಗುವುದರಿಂದ ಹಿಂದೆ ‘ಎ’ ಅಲ್ಲ, ‘ಆ್ಯನ್’. ಬಣ್ಣದ ಪದ ಜೊತೆಗಿದ್ದರೆ ಗಾತ್ರ ಮೊದಲು: ಎನಾರ್ಮಸ್ ಬ್ಲ್ಯಾಕ್ ಡಾಗ್. ಕನ್ನಡದ ‘ದೊಡ್ಡ ಕರಿ ನಾಯಿ’ ಇದ್ದ ಹಾಗೆ. ‘ಎನಾರ್ಮಸ್ಲಿ’ ಎಂಬ ರೂಪವೂ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಗಾತ್ರ ಪೂರ್ತಿ ಮಾಯ, ‘ತುಂಬಾ’ ಎಂದಷ್ಟೇ ಉಳಿಯುತ್ತದೆ: ‘ಐ ಎಂಜಾಯ್ಡ್ ಇಟ್ ಎನಾರ್ಮಸ್ಲಿ’.

ನಿಮ್ಮ ಅರ್ಜಿಯನ್ನು ತಿದ್ದುವುದಾದರೆ ‘ವೆರಿ ಎನಾರ್ಮಸ್’ ಹೊಡೆದುಹಾಕಿ. ‘ವಾಸ್ಟ್’ ಹಾಕಿದರೆ ಭಾಷೆ ಸರಿಹೋಗುತ್ತದೆ. ಆದರೆ ಕೆಲಸ ಕೊಡುವವರು ಇಂಥ ನೂರು ವಾಸ್ಟ್‌ಗಳನ್ನು ಓದಿರುತ್ತಾರೆ. ನಾನಾಗಿದ್ದರೆ ವಿಶೇಷಣವನ್ನೇ ಬಿಟ್ಟು ‘ಐ ಹ್ಯಾವ್’ ಆದಮೇಲೆ ಎಷ್ಟು ವರ್ಷ, ಯಾವ ಕೆಲಸ ಎಂದು ಬರೆಯುತ್ತಿದ್ದೆ. ಎನಾರ್ಮಸ್ ಎನ್ನುವುದನ್ನು ಅದನ್ನು ಓದುವವರೇ ಹೇಳಿಕೊಳ್ಳಲಿ.